ಡ್ಯಾಮ್ ಎಷ್ಟಡಿ?

ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ಹಾಜರಿ ಕರೆಯುವ ಮೊದಲೇ ಒಂದು ಪ್ರಶ್ನೆ ಎಸೆಯುತ್ತಿದ್ದರು. "ಏನ್ರಪ್ಪಾ, ಡ್ಯಾಮ್ ಎಷ್ಟಡಿ?"

ಮಂಡ್ಯದ ಕಾಲೇಜಿನಲ್ಲಿ ಇದು ಗೊತ್ತಿಲ್ಲದವರು ಯಾರಿರುತ್ತಾರೆ? ಕೆ.ಆರ್.ಎಸ್. ಡ್ಯಾಮಿನ ನೀರಿನ ಮಟ್ಟ ಪೇಪರಿನ ಮೂಲೆಯಲ್ಲಿ ದಿನಾ ಬರುತ್ತದೆ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಹಿಂದಿನ ಬೆಂಚಿನವರೂ ಕೂಗಿ ಹೇಳುತ್ತಿದ್ದೆವು. ಆಮೇಲೆ ಎರಡನೇ ಪ್ರಶ್ನೆ: "ಸರಿ, ಹೊರಗೆ ಎಷ್ಟು ಬಿಡಬೇಕು ಅಂತ ತೀರ್ಮಾನ ಮಾಡೋರು ಯಾರು?" "ಸರ್ಕಾರ ಸಾರ್." "ಯಾವ ಸರ್ಕಾರ?" ಅಲ್ಲಿಗೆ ನಮ್ಮ ಡ್ಯಾಮಿನ ತಳ ಕಾಣುತ್ತಿತ್ತು.

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ಸ್ವಲ್ಪ ಹಿಂದೆ ಮುಂದೆ ನೋಡಿದೆ. ನಾನು ರ‍್ಯಾಂಕ್ ಬಂದವನಲ್ಲ. ಯು.ಪಿ.ಎಸ್.ಸಿ. ಮುಖ್ಯ ಪರೀಕ್ಷೆ ಎರಡು ಸಲ ಬರೆದೆ, ಕನ್ನಡದಲ್ಲೇ. ಸಂದರ್ಶನಕ್ಕೆ ಒಮ್ಮೆಯೂ ಕರೆ ಬರಲಿಲ್ಲ. ಈಗ ರಾಜ್ಯ ಸರ್ಕಾರದ ಒಂದು ಸಣ್ಣ ಹುದ್ದೆಯಲ್ಲಿದ್ದೇನೆ. ಆದರೆ ಉತ್ತರ ಬರೆಯುವುದು ಹೇಗೆ ಅಂತ ಕಲಿತದ್ದು ಈ ಕಾಲೇಜಿನಲ್ಲೇ. ಅದನ್ನಷ್ಟೇ ಹೇಳುತ್ತೇನೆ.

2016ರ ಸೆಪ್ಟೆಂಬರ್. ನಾವು ಕೊನೇ ವರ್ಷದಲ್ಲಿದ್ದೆವು. ಕಾವೇರಿಯಿಂದ ತಮಿಳುನಾಡಿಗೆ ಸೆಕೆಂಡಿಗೆ 15,000 ಘನ ಅಡಿ, ಅಂದರೆ 15,000 ಕ್ಯೂಸೆಕ್‌ನಂತೆ 10 ದಿನ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಊರು ಕುದಿಯುತ್ತಿತ್ತು. ಸಂಜಯ ವೃತ್ತದಲ್ಲಿ ಟೈರ್ ಸುಟ್ಟ ವಾಸನೆ, ಬಸ್ಸಿಲ್ಲ, ಕಾಲೇಜಿಗೆ ರಜೆ. ನಾವು ನಾಲ್ಕು ಜನ ಸೈಕಲ್ ತುಳಿದುಕೊಂಡು ಮೇಷ್ಟ್ರ ಮನೆಗೆ ಹೋದೆವು. ನಿಜ ಹೇಳಬೇಕೆಂದರೆ ಓದಲಿಕ್ಕಲ್ಲ, ಸುಮ್ನೆ ಕೂಗಾಡಲಿಕ್ಕೆ. ಅವರು ಎಲ್ಲ ಕೇಳಿಸಿಕೊಂಡರು. ಮೇಡಂ ಕಾಫಿ ಕೊಟ್ಟರು. ಲೋಟ ಕೆಳಗಿಟ್ಟ ಮೇಲೆ ನಾಲ್ಕು ಬಿಳಿ ಹಾಳೆ ಬಂತು. "ಅಂತರರಾಜ್ಯ ನದಿ ವಿವಾದ ಯಾಕೆ ಬಗೆಹರಿಯೋದಿಲ್ಲ? 250 ಪದ. ಸಿಟ್ಟನ್ನ ಬಾಗಿಲ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬನ್ನಿ."

ನಾನು ಬರೆದದ್ದು ಭಾಷಣ. ಅವರು ಪಕ್ಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದರು. ಸಂವಿಧಾನದ 262ನೇ ವಿಧಿ ಎಲ್ಲಿ? 1956ರ ಜಲವಿವಾದ ಕಾಯ್ದೆ ಎಲ್ಲಿ? ಕಾವೇರಿ ನ್ಯಾಯಮಂಡಳಿ ಆಗಿದ್ದು 1990ರಲ್ಲಿ, ಅಂತಿಮ ತೀರ್ಪು ಬಂದಿದ್ದು 2007ರಲ್ಲಿ, ಕೇಂದ್ರದ ಗೆಜೆಟ್‌ನಲ್ಲಿ ಅಚ್ಚಾಗಿದ್ದು 2013ರಲ್ಲಿ. "ಈ ಮೂರು ಇಸವಿ ಪಕ್ಕಪಕ್ಕ ಬರಿ. ತಡ ಆಯ್ತು ಅಂತ ನೀನು ಬಾಯಿಬಿಟ್ಟು ಹೇಳೋದೇ ಬೇಡ."

ಆಮೇಲೆ ಇನ್ನೊಂದು ಗುರುತು. ತಂಜಾವೂರಿನ ಕಡೆ ಕುರುವೈ ಭತ್ತದ ಬೆಳೆ ಒಣಗಿಸಿಕೊಂಡು ಕೂತಿರುವ ರೈತನ ಬಗ್ಗೆ ನನ್ನ ಉತ್ತರದಲ್ಲಿ ಒಂದು ಸಾಲೂ ಇರಲಿಲ್ಲ. ಆವತ್ತು, ಆ ಊರಲ್ಲಿ, ಅದನ್ನು ಬರೆಸಿದರಲ್ಲ ನಮ್ಮ ಕೈಲಿ, ಅದು ಸಣ್ಣ ಮಾತಲ್ಲ. ಬರೆಯುವಾಗಲೇ ಗೊತ್ತಾದದ್ದು: ಒಳ್ಳೆ ಮಳೆಯ ವರ್ಷ ಜಗಳವೇ ಇರುವುದಿಲ್ಲ. ಕೊರತೆಯ ವರ್ಷ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವಲ್ಲೇ ಎಲ್ಲ ತಕರಾರು. ನನ್ನ ಉತ್ತರದಲ್ಲಿ ಮೇಷ್ಟ್ರು ಅಡಿಗೆರೆ ಎಳೆದದ್ದು ಆ ಒಂದು ಸಾಲಿಗೆ.

ಪಾಸಾದ ಮೇಲೂ ಸಂಜೆ ಹೊತ್ತು ಲೈಬ್ರರಿಗೆ ಹೋಗುತ್ತಿದ್ದೆವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನ ಅದೇ ಹಾಳೆ ಹೊರಗೆ ಬಂತು. ಕರ್ನಾಟಕದ ಪಾಲು 270 ಟಿ.ಎಂ.ಸಿ. (ಒಂದು ಟಿ.ಎಂ.ಸಿ. ಅಂದರೆ ನೂರು ಕೋಟಿ ಘನ ಅಡಿ) ಅಂತ ಇದ್ದದ್ದನ್ನು ಹೊಡೆದು 284.75 ಅಂತ ಬರೆದೆವು. ಹೆಚ್ಚಿಗೆ ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಬೈಂಡು ಹಾಕಿದ ನೋಟ್‌ಬುಕ್ ಬೇಡ, ಬಿಡಿ ಹಾಳೆ ಇರಲಿ ಅಂತ ಅವರು ಯಾಕೆ ಹಟ ಮಾಡುತ್ತಿದ್ದರು ಅಂತ ಆವತ್ತು ಅರ್ಥವಾಯಿತು.

ಇಷ್ಟಾದ ಮೇಲೆ ನನಗೆ ಬೇರೆ ಚಟ ಹತ್ತಿತು. ಸಿಕ್ಕಿದ್ದನ್ನೆಲ್ಲ ತುರುಕುವ ಚಟ. ಎರಡನೇ ಆಡಳಿತ ಸುಧಾರಣಾ ಆಯೋಗ 15 ವರದಿ ಕೊಟ್ಟಿದೆ. ಪುಣ್ಯಾತ್ಮ ನಾನು ಒಂದೇ ಉತ್ತರದಲ್ಲಿ ಒಂಬತ್ತು ವರದಿಯ ಹೆಸರು ಬರೆದಿದ್ದೆ. ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಉತ್ತರವೋ, ದಿನಸಿ ಚೀಟಿಯೋ? ಇದರಲ್ಲಿ ಯಾವುದನ್ನ ಓದಿದ್ದೀಯಾ?" ಒಂದನ್ನೂ ಓದಿರಲಿಲ್ಲ. ಮೊದಲನೇ ವರದಿ, ಮಾಹಿತಿ ಹಕ್ಕಿನ ಮೇಲಿನದು, ಅದೊಂದನ್ನಾದರೂ ಓದಿಕೊಂಡು ಬಾ ಅಂದರು. ಇಂಗ್ಲಿಷಿನಲ್ಲಿತ್ತು. ಡಿಕ್ಷನರಿ ಇಟ್ಟುಕೊಂಡು ಓದಿದೆ, ತಿಂಗಳು ಹಿಡಿಯಿತು.

ಅಲ್ಲಿಂದ ಪ್ರತಿ ಅಂಕಿ, ಪ್ರತಿ ವರದಿಯ ಮುಂದೆ ಅವರ ಪೆನ್ಸಿಲ್ ಒಂದೇ ಪದ ಬರೆಯುತ್ತಿತ್ತು: "ಅದಕ್ಕೇನೀಗ?" ಉದಾಹರಣೆಗೆ, ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳ ಮೀಸಲಾತಿ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ 1983ರ ಕಾಯ್ದೆಯಲ್ಲಿ ಶೇ. 25, ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಮೂರನೇ ಒಂದು ಭಾಗ, 2010ರಲ್ಲಿ ನಮ್ಮ ರಾಜ್ಯದಲ್ಲಿ ಶೇ. 50. ಅಂಕಿ ಚೆನ್ನಾಗಿದೆ. ಅದಕ್ಕೇನೀಗ? ನಮ್ಮೂರ ಕಡೆಯ ಒಂದು ಗ್ರಾಮಸಭೆಯಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು ಕೂತಿದ್ದನ್ನು ನಾನೇ ನೋಡಿದ್ದೆ. ಆ ಸಾಲು ಸೇರಿದ ಮೇಲೆ ಪೆನ್ಸಿಲ್ ಮುಂದಕ್ಕೆ ಹೋಯಿತು. (1881ರ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು, ಅದನ್ನು ಶುರುಮಾಡಿದ ದಿವಾನ್ ರಂಗಾಚಾರ್ಲು ಅವರನ್ನು ಎಲ್ಲ ಉತ್ತರಕ್ಕೂ ಪೀಠಿಕೆ ಮಾಡುವ ಅಭ್ಯಾಸ ನಮ್ಮ ಕಡೆಯವರಿಗೆ ಜಾಸ್ತಿ. ಅದಕ್ಕೂ ಇದೇ ಪ್ರಶ್ನೆ ಬೀಳುತ್ತಿತ್ತು.)

ನನ್ನ ಅತ್ಯಂತ ಒಳ್ಳೆಯ ಉತ್ತರ ಸಿಕ್ಕಿದ್ದು ಮಾತ್ರ ನಮ್ಮ ಮನೆಯ ಗೋಡೆಯಲ್ಲಿ. ಅಪ್ಪ ಕಬ್ಬಿನ ತೂಕದ ಚೀಟಿಗಳನ್ನು ಒಂದು ತಂತಿಗೆ ಚುಚ್ಚಿ ಮೊಳೆಗೆ ನೇತು ಹಾಕುತ್ತಿದ್ದರು. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ ತಿಂಗಳುಗಳಾದರೂ ಬಿಲ್ಲು ಬಂದಿರಲಿಲ್ಲ. ಆ ವಾರವೇ ನಾನು 1966ರ ಕಬ್ಬು ನಿಯಂತ್ರಣ ಆದೇಶ ಓದಿದ್ದೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಕೈಲಿದ್ದ ಮುದ್ದೆ ಹಾಗೇ ನಿಂತಿತು.

"ಹದ್ನಾಲ್ಕು ದಿನವಾ? ಯಾರ್ಲಾ ಹೇಳಿದ್ದು ನಿಂಗೆ?"

"ಕಾನೂನು ಕಣಪ್ಪಾ."

"ಬಡ್ಡಿ ಬೇರೆ ಕೊಟ್ಟಾರಾ? ಹೋಗ್ಲಾ, ಅಸಲು ಬಂದ್ರೆ ಸಾಕಾಗದೆ."

ಊಟ ಮುಗಿದ ಮೇಲೆ ಇಬ್ಬರೂ ಚೀಟಿಗಳನ್ನು ಬಿಚ್ಚಿಕೊಂಡು ಕೂತೆವು. ತಾರೀಕು ನೋಡಿ, ಕ್ಯಾಲೆಂಡರಿನಲ್ಲಿ ದಿನ ಎಣಿಸಿ, ಬಡ್ಡಿ ಲೆಕ್ಕ ಹಾಕಿದೆವು. ಆ ಬಡ್ಡಿ ಬರಲಿಲ್ಲ, ಅದು ಬೇರೆ ಮಾತು. ಆದರೆ ಕಾನೂನು ಇದ್ದೂ ಜಾರಿ ಯಾಕೆ ಸೋಲುತ್ತದೆ ಅನ್ನುವ ಪ್ರಶ್ನೆಗೆ ಮುಂದಿನ ವಾರ ನಾನು ಬರೆದ ಉತ್ತರಕ್ಕೆ ಮೇಷ್ಟ್ರು "ಅದಕ್ಕೇನೀಗ" ಬರೆಯಲಿಲ್ಲ. ಹಕ್ಕು ಇದೆ ಅಂತ ಗೊತ್ತಿಲ್ಲದವನು ಕೇಳುವುದಿಲ್ಲ. ಗೊತ್ತಿದ್ದವನು ಮುಂದಿನ ವರ್ಷವೂ ಕಬ್ಬನ್ನು ಅಲ್ಲಿಗೇ ಸಾಗಿಸಬೇಕಲ್ಲ ಅಂತ ಕೇಳುವುದಿಲ್ಲ.

ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಸಿಗಬೇಕು ಅನ್ನುವ ಸಕಾಲಕ್ಕೂ ಇದೇ ಲೆಕ್ಕ. 2012ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ನನ್ನ ಒಂದು ಪ್ರಮಾಣಪತ್ರ ತಡವಾದಾಗ ನಾನೂ ಬಾಯಿಮುಚ್ಚಿಕೊಂಡು ತಂದೆ. ನಾಳೆ ಅದೇ ಕಿಟಕಿಗೆ ಹೋಗಬೇಕಲ್ವಾ?

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಪುಸ್ತಕದಲ್ಲಿ "ಉತ್ತರದಾಯಿತ್ವ" ಅಂತ ಇರುತ್ತದೆ. ಬರೆಯಿರಿ, ತಪ್ಪೇನಿಲ್ಲ. ಆದರೆ ಒಮ್ಮೆ ಬರೆದ ಮೇಲೆ "ಯಾರು ಯಾರಿಗೆ ಲೆಕ್ಕ ಕೊಡಬೇಕು" ಅಂತ ಮುಂದುವರಿಸಿದರೆ ಕೈ ಓಡುತ್ತದೆ. ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಪತ್ರಿಕೆಯಲ್ಲಿ ಮೂರು ಗಂಟೆಯೊಳಗೆ 20 ಪ್ರಶ್ನೆ, ತಲಾ ಒಂಬತ್ತು ನಿಮಿಷ. ಅಲ್ಲಿ ಪದ ಹುಡುಕುತ್ತಾ ಕೂರಲು ಪುರುಸೊತ್ತಿಲ್ಲ. ನನ್ನ ಮೊದಲ ಸಲ ಕೊನೆಯ ಮೂರು ಪ್ರಶ್ನೆ ಹಾಗೇ ಖಾಲಿ ಉಳಿದವು. ಎಷ್ಟು ಹಾಳೆ ಇದ್ದು ಏನು ಬಂತು!

ಆ ಬಿಡಿ ಹಾಳೆಗಳನ್ನು ಹೋದ ವರ್ಷ ಕಾಲೇಜು ಲೈಬ್ರರಿಗೆ ಕೊಟ್ಟಿದ್ದೇನೆ. ಎರಡು ಫೈಲಿವೆ, ಹಸಿರು ದಾರ ಕಟ್ಟಿದವು. ಕಾವೇರಿಯ ಹಾಳೆಯ ಮೇಲೆ ಕಾಫಿ ಚೆಲ್ಲಿದೆ, ಓದಲು ತೊಂದರೆಯಿಲ್ಲ. ಮಾಹಿತಿ ಹಕ್ಕಿನ ಹಾಳೆ ಮಾತ್ರ ಹಳೆಯದಾಗಿದೆ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೇ (ಖಾಸಗಿ ಮಾಹಿತಿಗೆ ಸಂಬಂಧಿಸಿದ್ದು) ಬದಲಿಸಿದೆ, ನನ್ನ ಹಾಳೆಯಲ್ಲಿ ಅದಿಲ್ಲ. ಯಾರಾದರೂ ಸೇರಿಸಿ. ಪೆನ್ಸಿಲ್‌ನಲ್ಲೇ ಬರೆಯಿರಿ.