ಅಪ್ಪ ಬರೆದುಕೊಟ್ಟ ಮಿಲ್ಲಿನ ನಕ್ಷೆ

ಮೈಸೂರಿನ ನಮ್ಮ ಬಡಾವಣೆಯ ಹಿಂಬದಿಗೇ ಇರುವ ಹಳೆಯ ಬಟ್ಟೆ ಮಿಲ್ಲಿನ ಕಾಂಪೌಂಡಿಗೆ ಕಳೆದ ತಿಂಗಳು ಜೆಸಿಬಿ ಬಂದಾಗ ನಾವೆಲ್ಲ ಸಂತೋಷಪಟ್ಟಿದ್ದೆವು. ವರ್ಷಗಟ್ಟಲೆ ಹಾವು, ಜಾಲಿಮುಳ್ಳು, ಕಸದ ರಾಶಿ ತುಂಬಿದ್ದ ಜಾಗದಲ್ಲಿ ಮನೆಗಳು ಏಳುತ್ತವೆ ಎಂದರೆ ಯಾರಿಗೆ ಬೇಡ? ಆದರೆ ಎರಡು ದಿನ ಜೋರು ಮಳೆಯಾದ ಮೇಲೆ, ಪಾಯಕ್ಕೆಂದು ತೋಡಿದ ಗುಂಡಿಯ ಬದಿಯನ್ನು ಕಂಡವರ ಮುಖ ಸಪ್ಪಗಾಯಿತು. ಮೇಲೆ ಒಂದೂವರೆ ಅಡಿಯಷ್ಟು ನಮ್ಮೂರಿನ ಕೆಂಪು ಮಣ್ಣು, ಅದರಡಿ ಬಾಯ್ಲರಿನ ಕಪ್ಪು ಬೂದಿ, ಅದಕ್ಕೂ ಕೆಳಗೆ ಹಳದಿ ಮಿಶ್ರಿತ ಹಸಿರು ಬಣ್ಣದ, ಜೇಡಿಯಂತೆ ಅಂಟುವ ಒಂದು ಪದರ. ತಳದಲ್ಲಿ ನಿಂತ ನೀರಿನ ಮೇಲೆ ಎಣ್ಣೆಯ ಪೊರೆ ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು.

ಆ ಪದರದಲ್ಲಿ ಏನಿದೆ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಆದರೆ ಏನಿರಬಹುದು ಎಂದು ಊಹಿಸಲು ನನಗೆ ಕಾರಣವಿದೆ, ಏಕೆಂದರೆ ನಮ್ಮ ತಂದೆಯವರು ಅದೇ ಮಿಲ್ಲಿನ ಬಣ್ಣದ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಗಂಧಕದ ಬಣ್ಣಗಳು ಬಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲಲೆಂದು ಆಗೆಲ್ಲ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುತ್ತಿದ್ದರು. ಅಪ್ಪನ ಬಾಯಲ್ಲಿ ಅದು ಇಂದಿಗೂ ‘ಬೈಕ್ರೋಮೇಟ್’, ಕಿತ್ತಳೆ ಬಣ್ಣದ ಹರಳುಗಳು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಆ ಲೋಹದ ಹೆಚ್ಚು ವಿಷಕಾರಿ ರೂಪ, ನೀರಿನಲ್ಲಿ ಸುಲಭವಾಗಿ ಕರಗಿ ದೂರ ಸಾಗುತ್ತದೆ, ಮತ್ತು ಅದು ಕ್ಯಾನ್ಸರ್‌ಕಾರಕ. ತೊಟ್ಟಿ ತೊಳೆದ ನೀರು ತೆರೆದ ಮಣ್ಣಿನ ಚರಂಡಿಯಲ್ಲಿ ಹರಿದು ಕಾಂಪೌಂಡಿನ ಮೂಲೆಯ ಹಳ್ಳದಲ್ಲಿ ಇಂಗುತ್ತಿತ್ತಂತೆ. ದೇಶದಲ್ಲಿ ಜಲ ಮಾಲಿನ್ಯ ಕಾಯ್ದೆ ಬಂದದ್ದೇ 1974ರಲ್ಲಿ. ಅದಕ್ಕೂ ಮುಂಚಿನ ವರ್ಷಗಳ ಲೆಕ್ಕ ಯಾವ ಕಡತದಲ್ಲೂ ಇರಲಾರದು.

ನಮ್ಮ ಬೀದಿಯ ಕೊಳವೆಬಾವಿಯ ನೀರನ್ನು ಪರೀಕ್ಷಿಸಿ ‘ಕುಡಿಯಲು ಯೋಗ್ಯ’ ಎಂದು ಕೊಟ್ಟ ವರದಿಯೊಂದಿದೆ, ಗಾಬರಿಪಡುವುದೇಕೆ ಎಂದು ಕೆಲವರು ಕೇಳಿದರು. ಆ ವರದಿಯನ್ನು ನಾನು ತರಿಸಿ ಓದಿದೆ. ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ), ಕೋಲಿಫಾರಂ ಬ್ಯಾಕ್ಟೀರಿಯಾ, ಇಷ್ಟೇ. ಕ್ರೋಮಿಯಂ ಇಲ್ಲ, ಸೀಸ ಇಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು, ಸೀಸ 0.01 ಮೀರಬಾರದು; ನೋಡದೇ ಹೋದದ್ದನ್ನು ಇಲ್ಲ ಎನ್ನಲಾಗದು. ಇದರ ಜೊತೆಗೆ ಮೈಸೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ಆ ಬಂಡೆಯ ಬಿರುಕುಗಳನ್ನು ಹಿಡಿದು ಹರಿಯುವುದರಿಂದ, ಒಂದು ಮನೆಯ ಬಾವಿ ಶುದ್ಧವಾಗಿದ್ದರೂ ಎರಡು ಮನೆ ಆಚೆಯದು ಕೆಟ್ಟಿರಬಹುದು. ಒಂದು ಬಾವಿಯ ಒಂದು ಬಾಟಲಿ ನೀರಿನಿಂದ ಇಡೀ ಬಡಾವಣೆಗೆ ಭರವಸೆ ಕೊಡುವುದು ತಪ್ಪು.

ನನಗೆ ಇನ್ನೂ ಹೆಚ್ಚು ಕಳವಳ ತಂದದ್ದು ಟಿಪ್ಪರುಗಳು. ಅಗೆದ ಮಣ್ಣನ್ನು ತಗ್ಗಿನ ಸೈಟುಗಳನ್ನು ತುಂಬಲು ಸಾಗಿಸಲಾಗುತ್ತಿತ್ತು. ಭೋಪಾಲದ ಕಾರ್ಖಾನೆಯ 337 ಟನ್ ವಿಷತ್ಯಾಜ್ಯವನ್ನು ದುರಂತ ನಡೆದು ನಲವತ್ತು ವರ್ಷವಾದ ಮೇಲೆ, 2025ರ ಜನವರಿಯಲ್ಲಿ, ಮುಚ್ಚಿದ ಕಂಟೇನರುಗಳಲ್ಲಿ ಬೆಂಗಾವಲಿನೊಡನೆ ಮಧ್ಯಪ್ರದೇಶದ್ದೇ ಆದ ಪೀಥಂಪುರಕ್ಕೆ, ಸುಟ್ಟು ವಿಲೇವಾರಿ ಮಾಡಲೆಂದು, ಒಯ್ದರು. ಆಗಲೂ ಅಲ್ಲಿನ ಜನ ಬೀದಿಗಿಳಿದು ಪ್ರತಿಭಟಿಸಿದರು. ನಮ್ಮ ಮಿಲ್ಲಿನ ಮಣ್ಣನ್ನು ಅದಕ್ಕೆ ಹೋಲಿಸುತ್ತಿಲ್ಲ. ಆದರೆ ಪರೀಕ್ಷೆಯಾಗದ ಮಣ್ಣು ಟಾರ್ಪಾಲನ್ನೂ ಹೊದೆಯದೆ ಶಾಲೆಯ ಮುಂದೆ ಧೂಳೆಬ್ಬಿಸುತ್ತ ಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವಾಗಲಿಲ್ಲ.

ಕಾನೂನು ಈಗ ನಮ್ಮ ಕಡೆಗಿದೆ. ಮಾಲಿನ್ಯ ಮಾಡಿದವರೇ ಶುದ್ಧೀಕರಣದ ಖರ್ಚು ಹೊರಬೇಕೆಂದು ರಾಜಸ್ಥಾನದ ಬಿಛ್ಡಿ ಗ್ರಾಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತ್ತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅದರಂತೆ ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ತೊಂಬತ್ತು ದಿನಗಳೊಳಗೆ ಪ್ರಾಥಮಿಕ ಪರಿಶೀಲನೆ ಆಗಬೇಕು. ಆಗ ದೇಶದಲ್ಲಿ ಗುರುತಿಸಲಾಗಿದ್ದ 103 ಸ್ಥಳಗಳ ಪೈಕಿ ಏಳರಲ್ಲಿ ಮಾತ್ರ ಶುದ್ಧೀಕರಣ ಆರಂಭವಾಗಿತ್ತು.

ಮಿಲ್ಲಿನ ಮಣ್ಣಿನ ಮಾದರಿ ತೆಗೆದು ಪರೀಕ್ಷಿಸಬೇಕೆಂದು ನಾವು ಮೂವತ್ತೆಂಟು ಮನೆಯವರು ಸಹಿ ಮಾಡಿ ಅರ್ಜಿ ಸಲ್ಲಿಸಿದ್ದೇವೆ. ಬರೆಯುವಾಗ ಪಕ್ಕದಲ್ಲೇ ಕುಳಿತಿದ್ದ ಅಪ್ಪ ಕೇಳಿದ ಮಾತು ನನ್ನನ್ನು ಎಚ್ಚರಿಸಿತು: “ಮಣ್ಣು ತೆಗೀತಾರೆ ಸರಿ, ಎಲ್ಲಿ ತೆಗೀತಾರೆ? ಗೇಟಿನ ಹತ್ರ ಅಗೆದ್ರೆ ಏನು ಸಿಗುತ್ತೆ?” ಕಟ್ಟಡಗಳು ನೆಲಸಮವಾಗಿವೆ, ಹಳೆಯ ನಕ್ಷೆ ಯಾರ ಬಳಿಯೂ ಇಲ್ಲ, ಮಾದರಿ ತೆಗೆಯಲು ಬರುವವರಿಗೆ ಅದು ಬರೀ ಬಯಲು. ಚರಂಡಿ ಎಲ್ಲಿ ತಿರುಗುತ್ತಿತ್ತು, ಖಾಲಿ ಡ್ರಮ್ಮುಗಳನ್ನು ಎಲ್ಲಿ ಹೂಳಿದರು ಎಂಬುದು ಅಲ್ಲಿ ದುಡಿದವರಿಗಷ್ಟೇ ಗೊತ್ತು, ಅವರೆಲ್ಲ ಎಂಬತ್ತು ದಾಟಿದ್ದಾರೆ.

ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಡುಗುವ ಕೈಯಿಂದ ಗೆರೆ ಎಳೆದರು: ಬಣ್ಣದ ಮನೆ, ಅದರ ಪಶ್ಚಿಮಕ್ಕೆ ಚರಂಡಿ, ಬೇವಿನ ಮರದ ಬಳಿ ತಿರುವು, ಆಮೇಲೆ ಹಳ್ಳ. ಬೇವಿನ ಮರ ಈಗಲೂ ಇದೆ. ಆ ಹಾಳೆಯ ನಕಲನ್ನು ಅರ್ಜಿಗೆ ಲಗತ್ತಿಸಿದ್ದೇವೆ. ಬಾಯ್ಲರ್ ವಿಭಾಗದ ಜಾಗವನ್ನು ಅಪ್ಪ ಖಾಲಿ ಬಿಟ್ಟಿದ್ದಾರೆ. ಅಲ್ಲಿದ್ದ ಫರ್ನೇಸ್ ಎಣ್ಣೆಯ ಟ್ಯಾಂಕಿನ ವಿಚಾರ ತಿಳಿದ ಅವರ ಗೆಳೆಯರೊಬ್ಬರು ಗಾಂಧಿನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.