ಅಂಗಳಕ್ಕೊಂದು ಪನ್ನೀರು ಗುಲಾಬಿ

ನರ್ಸರಿಯಿಂದ ತಂದ ಗುಲಾಬಿ ಒಂದೆರಡು ವರ್ಷ ದೊಡ್ಡ ಕೆಂಪು ಹೂ ಬಿಟ್ಟು, ಆಮೇಲೆ ಇದ್ದಕ್ಕಿದ್ದಂತೆ ಸಣ್ಣ ಗುಲಾಬಿ ಬಣ್ಣದ ಹೂ ಬಿಡತೊಡಗಿತು ಎಂದು ಹೇಳುವವರು ಬಹಳ ಮಂದಿ. ಅಲ್ಲಿ ಆಗಿರುವುದಿಷ್ಟು: ಮೇಲಿನ ಕಸಿ ಸತ್ತಿದೆ, ಬುಡದ ಬೇರುಸಸಿ, ಅಂದರೆ ಕಸಿ ಕಟ್ಟಲು ಕೆಳಗೆ ಬೇರಿಗಾಗಿ ಬಳಸಿದ ಬೇರೆ ಗುಲಾಬಿ, ಚಿಗುರಿ ಹೂ ಬಿಟ್ಟಿದೆ. ದಕ್ಷಿಣ ಭಾರತದ ಹಲವು ನರ್ಸರಿಗಳು ಬೇರುಸಸಿಗೆ ಬಹುಕಾಲದಿಂದ ಬಳಸುತ್ತ ಬಂದಿರುವುದು ಎಡ್ವರ್ಡ್ ಗುಲಾಬಿಯನ್ನು. ಹೂವಿನವರು ಪನ್ನೀರು ಗುಲಾಬಿ ಎಂದು ಮಾರುವುದೂ ಹೆಚ್ಚಾಗಿ ಇದನ್ನೇ. ಬಿಸಿಲಿಗೂ ಬಡ ಮಣ್ಣಿಗೂ ಜಗ್ಗದ ಗಿಡ ಎಂದೇ ಇದನ್ನು ಬುಡಕ್ಕೆ ಇಡುತ್ತಾರೆ. ಹಾಗಿದ್ದ ಮೇಲೆ ಇದನ್ನೇ ಅದರ ಸ್ವಂತ ಬೇರಿನ ಮೇಲೆ ಬೆಳೆಸಿದರಾಯಿತು. ಸ್ವಂತ ಬೇರಿನ ಗಿಡ ಬುಡದವರೆಗೆ ಒಣಗಿದರೂ ಮತ್ತೆ ಮೇಲೇಳುವುದು ಅದೇ ಗಿಡ. ಕಸಿ ಗಿಡದಲ್ಲಿ ಮಾಡುವಂತೆ ಕಾಡು ಚಿಗುರು ಹುಡುಕಿ ಕೀಳುವ ಕೆಲಸವಿಲ್ಲ.

ಇದು ಬೂರ್ಬೋನ್ ಗುಂಪಿನ ಗುಲಾಬಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಹಿಂದೆ ಬೂರ್ಬೋನ್ ಎಂದು ಹೆಸರಿತ್ತು. ಅಲ್ಲಿ ಚೀನಾ ಗುಲಾಬಿ ಮತ್ತು ಡಮಾಸ್ಕ್ ಗುಲಾಬಿ ಬೆರೆತು ಹುಟ್ಟಿದ ಗುಂಪು ಇದು. ಮತ್ತೆ ಮತ್ತೆ ಹೂ ಬಿಡುವ ಗುಣ ಚೀನಾ ಗುಲಾಬಿಯದು, ಪರಿಮಳ ಡಮಾಸ್ಕಿನದು. ಹೂ ಬೆಳಿಗ್ಗೆ ಬಿರಿದರೆ ಸಂಜೆಯೊಳಗೆ ಎಸಳು ಸಡಿಲವಾಗಿ ಉದುರುತ್ತದೆ. ಹೂದಾನಿಗೆ ಬೇಕಿದ್ದರೆ ಬೇರೆ ಗಿಡ ನೋಡಿಕೊಳ್ಳಿ. ದೇವರಿಗೆ, ಮುಡಿಗೆ, ಗುಲ್ಕಂದಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಗಿಡ ಮಾಡಲು ದುಡ್ಡು ಬೇಡ, ಪರಿಚಯದ ಮನೆಯಿಂದ ಒಂದು ಕಡ್ಡಿ ಸಾಕು. ಜೂನ್-ಜುಲೈ ಮಳೆಯಲ್ಲಿ ಅಥವಾ ಅಕ್ಟೋಬರಿನಲ್ಲಿ ಗಿಡ ಸವರುವಾಗ, ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕಡ್ಡಿ ತೆಗೆದುಕೊಳ್ಳಿ. ಎಳೆ ಹಸಿರು ಕಡ್ಡಿ ಕೊಳೆಯುತ್ತದೆ. ಬೂದು ತೊಗಟೆಯ ಮುದಿ ಕಡ್ಡಿ ಬೇರು ಬಿಡಲು ತಡಮಾಡುತ್ತದೆ. 15ರಿಂದ 20 ಸೆಂಟಿಮೀಟರ್ ಉದ್ದ, ಮೂರು-ನಾಲ್ಕು ಗಿಣ್ಣು ಇರಲಿ. ಕೆಳತುದಿಯನ್ನು ಗಿಣ್ಣಿನ ಕೆಳಗೇ ಓರೆಯಾಗಿ ಕತ್ತರಿಸಿ, ಎರಡು ಗಿಣ್ಣು ಒಳಗೆ ಹೋಗುವಂತೆ ನೆಡಿ. ಅರ್ಧ ದಪ್ಪ ಮರಳು, ಅರ್ಧ ತೆಂಗಿನ ನಾರಿನ ಪುಡಿ ಸಾಕು. ಇಲ್ಲಿ ಗೊಬ್ಬರ ಹಾಕಿದರೆ ಕಡ್ಡಿ ಕೊಳೆಯುವ ಸಂಭವವೇ ಹೆಚ್ಚು. ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಎರಡು ವಾರಕ್ಕೆ ಎಲೆ ಮೂಡಿತೆಂದು ಸಂಭ್ರಮದಿಂದ ಕಿತ್ತು ಕುಂಡಕ್ಕೆ ಹಾಕುತ್ತಾರೆ, ಮೂರೇ ದಿನದಲ್ಲಿ ಅದು ಬಾಡುತ್ತದೆ. ಆ ಎಲೆ ಬಂದದ್ದು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ, ಕೆಳಗೆ ಇನ್ನೂ ಬೇರೇ ಇರುವುದಿಲ್ಲ. ಕನಿಷ್ಠ ಆರು ವಾರ ಕಾಯಿರಿ. ಚಿಗುರು ಒಂದು ಗೇಣು ಬೆಳೆದ ಮೇಲೆ ಮುಟ್ಟಿ.

ನೆಡುವ ಜಾಗಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳಬೇಕು, ಇದರಲ್ಲಿ ರಾಜಿ ಬೇಡ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣಿಗೆ 8ರಿಂದ 10 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು, ಗೆದ್ದಲು ಎರಡನ್ನೂ ಕರೆದಂತೆ. ಗಿಡದಿಂದ ಗಿಡಕ್ಕೆ ನಾಲ್ಕು ಅಡಿ ಬಿಡಿ. ಕರಾವಳಿಯ ಮಳೆಗೂ ಉತ್ತರ ಕರ್ನಾಟಕದ ಎರೆಮಣ್ಣಿಗೂ ಗುಂಡಿಗಿಂತ ಒಂದಡಿ ಎತ್ತರದ ದಿಬ್ಬವೇ ಮೇಲು, ಏಕೆಂದರೆ ಈ ಗಿಡ ಬಿಸಿಲು ತಡೆದೀತು, ಬುಡದಲ್ಲಿ ನಿಂತ ನೀರನ್ನು ತಡೆಯದು. ಬೇರೂರಿದ ಮೇಲೆ ವಾರಕ್ಕೆ ಎರಡು ಸಲ ಬುಡ ನೆನೆಯುವಷ್ಟು ನೀರು ಕೊಟ್ಟರಾಯಿತು. ದಿನಾ ಒಂದು ಚೊಂಬು ಸುರಿದರೆ ಬೇರು ಮೇಲ್ಗಡೆಯೇ ಹರಡಿ, ಬೇಸಿಗೆಯಲ್ಲಿ ಒದ್ದಾಡುತ್ತದೆ.

ವರ್ಷದ ದೊಡ್ಡ ಕೆಲಸ ಒಂದೇ, ಸವರುವುದು. ಮಳೆ ನಿಂತ ಅಕ್ಟೋಬರಿನಲ್ಲಿ ಇಡೀ ಗಿಡವನ್ನು ಒಂದೂವರೆ-ಎರಡು ಅಡಿಗೆ ಇಳಿಸಿ. ಹೊರಮುಖದ ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಕಡಿದ ಜಾಗದ ಮಧ್ಯದ ತಿರುಳನ್ನು ನೋಡಿ. ಬೆಳ್ಳಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ತುದಿಯಿಂದ ಒಣಗುವ ರೋಗ ಒಳಗೆ ಇಳಿದಿದೆ ಎಂದರ್ಥ, ಬಿಳಿ ತಿರುಳು ಸಿಗುವ ತನಕ ಕೆಳಕೆಳಗೆ ಕತ್ತರಿಸುತ್ತ ಹೋಗಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಇದೊಂದನ್ನು ಅರೆಬರೆ ಮಾಡಿದರೆ ಜನವರಿಯ ಹೊತ್ತಿಗೆ ಕೊಂಬೆ ಬುಡದ ತನಕ ಕಪ್ಪಾಗಿರುತ್ತದೆ. ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ.

ರೋಗಗಳು ಬರುತ್ತವೆ, ಆದರೆ ಗಿಡ ಸುಲಭಕ್ಕೆ ಸಾಯುವುದಿಲ್ಲ. ಮಳೆಗಾಲದ ಕಪ್ಪು ಚುಕ್ಕೆ ರೋಗ ತಗಲಲು ಎಲೆ ಏಳೆಂಟು ಗಂಟೆ ಒದ್ದೆಯಾಗಿರಬೇಕು. ಆದ್ದರಿಂದ ಸಂಜೆ ಎಲೆಯ ಮೇಲೆ ನೀರು ಹಾಯಿಸಬೇಡಿ, ಉದುರಿದ ಎಲೆ ಗುಡಿಸಿ ತೆಗೆಯಿರಿ. ಮಾರ್ಚ್ ನಂತರ ಎಲೆ ಮಂಕಾಗಿ, ಹಿಂಬದಿಯಲ್ಲಿ ಸಣ್ಣ ಬಲೆ ಕಂಡರೆ ಅದು ಕೆಂಪು ನುಸಿ. ಬೆಳಿಗ್ಗೆ ಪೈಪ್ ಹಿಡಿದು ಹಿಂಬದಿಗೆ ರಭಸವಾಗಿ ನೀರು ಹೊಡೆಯಿರಿ. ಕಾಂಡಕ್ಕೆ ಅಂಟಿದ ಬಿಳಿ ಚಿಪ್ಪಿನ ಹುಳುವನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ನಾಲ್ಕು ಹನಿ ಸೋಪ್ ದ್ರಾವಣದೊಂದಿಗೆ ಸಿಂಪಡಿಸಿ. ಬೋರ್ ನೀರಿನಿಂದ ನರ ಹಸಿರಾಗಿಯೇ ಉಳಿದು ಎಳೆ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ. ಚಿಲೇಟೆಡ್ ಐರನ್ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಲೀಟರ್ ನೀರಿಗೆ 1 ಗ್ರಾಂ ಬೆರೆಸಿ ಕೊಡಿ. ಗುಲ್ಕಂದಿಗೆ ಎಸಳು ಬೇಕೆನ್ನುವವರು ರಾಸಾಯನಿಕ ಕೀಟನಾಶಕದ ಕಡೆ ತಲೆ ಹಾಕಲೇಬೇಡಿ.

ನಾಲ್ಕನೇ ವರ್ಷದಿಂದ ಪ್ರತಿ ಅಕ್ಟೋಬರಿನಲ್ಲಿ ಅತಿ ಹಳೆಯ ಕಾಂಡಗಳಲ್ಲಿ ಮೂರರಲ್ಲೊಂದು ಪಾಲನ್ನು ನೆಲಮಟ್ಟಕ್ಕೆ ತೆಗೆದುಬಿಡಿ. ಬುಡದಿಂದ ಹೊಸ ಕಾಂಡ ಏಳುವುದು ಆಗಲೇ. ಚೆನ್ನಾಗಿ ಹೂ ಬಿಡುವುದೂ ಆ ಹೊಸ ಕಾಂಡಗಳೇ.