ಟ್ಯಾಂಕ್ ಮಾಡೆಲ್ಲಿನ ಟ್ರ್ಯಾಕು: ಸವೆತ ಎಲ್ಲಕ್ಕೂ, ಪೆಟ್ಟು ಕೆಲವಕ್ಕೆ

ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲಿನ ಖಣಿಯಲ್ಲಿ ಕೆಲಸದ ಮೇಲಿರುವ ಹಿಟಾಚಿಯ ಚೈನನ್ನು ಹತ್ತಿರದಿಂದ ನೋಡಿ. ಕಿತ್ತಳೆ ಬಣ್ಣದ ತುಕ್ಕು ಹುಡುಕಿದರೂ ಸಿಗದು. ಪಟ್ಟಿಯ ಏಣುಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ, ತಗ್ಗುಗಳಲ್ಲಿ ಬೂದು ಬಣ್ಣದ ಕಲ್ಲುಪುಡಿ ಕೂತಿರುತ್ತದೆ, ಉಳಿದದ್ದೆಲ್ಲ ಕರಿಗಂದು. ಅದೇ ಗಾಡಿ ಎರೆಹೊಲದಲ್ಲಿ ಕಾಲುವೆ ತೋಡಲು ಇಳಿದರೆ ಏಣೂ ಕಾಣುವುದಿಲ್ಲ. ಟ್ಯಾಂಕಿನ ಟ್ರ್ಯಾಕಿಗೂ, ಅಂದರೆ ಅದರ ಚಕ್ರಗಳ ಸುತ್ತ ಓಡುವ ಚೈನಿಗೂ, ಇದೇ ಲೆಕ್ಕ. ಯಾವ ನೆಲದಲ್ಲಿ ಓಡಿದೆ, ಯಾವ ಭಾಗ ಯಾವುದಕ್ಕೆ ಉಜ್ಜುತ್ತದೆ ಎಂದು ಮೊದಲು ತೀರ್ಮಾನಿಸಿ, ಬಣ್ಣದ ಬಾಟಲಿ ಆಮೇಲೆ ತೆಗೆಯಿರಿ.

ನಿಮ್ಮ ಮಾಡೆಲ್ 1/35 ಅಳತೆಯ, ಅಂದರೆ ನಿಜದ 35ನೇ ಒಂದು ಪಾಲಿನ, ಟಿ-55 ಟ್ಯಾಂಕ್ ಎಂದಿಟ್ಟುಕೊಳ್ಳೋಣ. ಒಂದು ಬದಿಗೆ ಸುಮಾರು 90 ಲಿಂಕು. ಸವೆತ ಬೇರೆ, ಪೆಟ್ಟು ಬೇರೆ. ಎಲ್ಲ ಲಿಂಕುಗಳೂ ಅದೇ ಚಕ್ರ, ಅದೇ ಸ್ಪ್ರಾಕೆಟ್ (ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರ) ದಾಟಿ ಬರುವುದರಿಂದ ಸವೆತ 90ರಲ್ಲೂ ಒಂದೇ ಸಮ ಇರಬೇಕು. ಟ್ರ್ಯಾಕು ಚಕ್ರದಿಂದ ಜಾರದಂತೆ ತಡೆಯುವ ಒಳಮೈಯ ಕೊಂಬು, ಅಂದರೆ ಗೈಡ್ ಹಾರ್ನಿನ ಎರಡೂ ಪಕ್ಕಕ್ಕೆ 600 ನಂಬರ್ ಪೇಪರ್‌ನಿಂದ ಎರಡೆರಡು ಸಲ ಎಳೆದರೆ ಸಾಕು. ಪೆಟ್ಟು ಹಾಗಲ್ಲ, ಕಲ್ಲಿಗೆ ಬಡಿದದ್ದು ಯಾವುದೋ ಒಂದು ಲಿಂಕು. ಒಂದು ಬದಿಗೆ ಆರೇಳು ಲಿಂಕು ಆರಿಸಿ, ಒಂದರ ಪಕ್ಕ ಒಂದು ಬರದಂತೆ ಹಂಚಿ, ಅಂಚಿನಲ್ಲಿ 11ನೇ ನಂಬರ್ ಬ್ಲೇಡಿನಿಂದ 0.2 ಮಿ.ಮೀ. ಕಚ್ಚು ಹಾಕಿ. ಅದು ನಿಜದಲ್ಲಿ 7 ಮಿ.ಮೀ. ಆಗುತ್ತದೆ. ಕೈ ತಪ್ಪಿ 0.5 ಮಿ.ಮೀ. ಹೋದರೆ 17 ಮಿ.ಮೀ. ದಾಟಿತು, ಎರಕದ ಉಕ್ಕನ್ನು ಇಲಿ ಕಡಿದಂತೆ ಕಾಣುತ್ತದೆ. ಹೆಚ್ಚಿನ ಮಾಡೆಲುಗಳು ಕೆಡುವುದು ಇಲ್ಲೇ.

ಲಿಂಕುಗಳನ್ನು ಜೋಡಿಸುವ ಪಿನ್ ಸವೆದಂತೆ ಟ್ರ್ಯಾಕು ಉದ್ದವಾಗಿ ಜೋತು ಬೀಳುತ್ತದೆ. ಟಿ-55ಕ್ಕೆ ಮೇಲ್ಗಡೆ ರೋಲರ್ ಇಲ್ಲ, ಟ್ರ್ಯಾಕು ಚಕ್ರಗಳ ಮೇಲೇ ಮಲಗುತ್ತದೆ. ಮೊದಲ ಮತ್ತು ಎರಡನೇ ಚಕ್ರದ ನಡುವಿನ ಅಂತರ ದೊಡ್ಡದು, ಅಲ್ಲಿ ತಗ್ಗು ಕಾಣಲೇಬೇಕು. ತೀರಾ ಜೋತರೆ ಸೈನಿಕರು ಒಂದು ಲಿಂಕು ಕಳಚುತ್ತಾರೆ, ನೀವೂ ಅದನ್ನೇ ಮಾಡಿ.

1948ರ ಪೊಲೀಸ್ ಆ್ಯಕ್ಷನ್‌ನಲ್ಲಿ ಸೊಲ್ಲಾಪುರದಿಂದ ಹುಮನಾಬಾದ್ ಮೇಲೆ ಹೈದರಾಬಾದಿನತ್ತ ಹೋದ ದಂಡಿನ ದೃಶ್ಯ ಕಟ್ಟುವ ಆಸೆ ನಮ್ಮ ಭಾಗದ ಮಾಡೆಲ್ ಪ್ರಿಯರಿಗೆ ಇದ್ದೇ ಇರುತ್ತದೆ. ಆ ದೃಶ್ಯದ ಷರ್ಮನ್ ಟ್ಯಾಂಕಿಗೆ ಟಿ-51 ಅಥವಾ ಟಿ-48 ಎಂಬ ಬಗೆಯ ಟ್ರ್ಯಾಕು ಹಾಕಿದ್ದರೆ ನೆಲಕ್ಕೆ ತಾಗುವುದು ರಬ್ಬರ್. ಅದರ ಮೇಲೆ ಬೆಳ್ಳಿ ಬಣ್ಣ ಬಳಿಯುವುದು ದೊಡ್ಡ ತಪ್ಪು. ಹೊಳೆಯಬೇಕಾದದ್ದು ಎರಡೂ ಅಂಚಿನಲ್ಲಿ ಲಿಂಕುಗಳನ್ನು ಜೋಡಿಸುವ ಕೊಂಡಿ, ಅಂದರೆ ಎಂಡ್ ಕನೆಕ್ಟರ್ ಮಾತ್ರ. ರಬ್ಬರಿಗೆ ಕಪ್ಪು ಬೇಡ, ಗಾಢ ಬೂದು ಸಾಕು. ಮೂಲೆಗಳಲ್ಲಿ ಬ್ಲೇಡಿನ ತುದಿಯಿಂದ ಚೂರು ಕಿತ್ತು ತೆಗೆಯಿರಿ, ಉಜ್ಜಬೇಡಿ. ನಿಜದ ಟ್ರ್ಯಾಕಿನಲ್ಲಿ ರಬ್ಬರ್ ಸೀಳಿ ಹರಿಯುತ್ತದೆ.

ಬಣ್ಣಕ್ಕೆ ತಮಿಯಾ ಎಕ್ಸ್‌ಎಫ್-1 ಕಪ್ಪು ಎರಡು ಪಾಲು, ಎಕ್ಸ್‌ಎಫ್-64 ಕೆಂಗಂದು ಒಂದು ಪಾಲು, ಎರಡೂ ಸೇರಿದಷ್ಟೇ ತಿನ್ನರ್. ಏಪ್ರಿಲ್-ಮೇ ಬಿಸಿಲಿನಲ್ಲಿ ಏರ್‌ಬ್ರಷ್‌ನಿಂದ ಹೊರಟ ಬಣ್ಣ ಗಾಳಿಯಲ್ಲೇ ಒಣಗಿ ಹಿಟ್ಟಿನಂತೆ ಬೀಳುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಎರಡು ಹನಿ ಹಾಕಿ. ಎನಾಮೆಲ್ ವಾಶ್ (ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಬಣ್ಣ) ಕೊಡುವಾಗ ಟ್ರ್ಯಾಕು ಚಕ್ರಕ್ಕೆ ಬಿಗಿದಿರಬಾರದು. ಬಿಗಿತದಲ್ಲಿರುವ ಪ್ಲಾಸ್ಟಿಕ್ ಪಿನ್ನಿಗೆ ಟರ್ಪೆಂಟೈನ್ ಇಳಿದರೆ ಸೀಳು ಬಿಟ್ಟು, ಮರುದಿನ ಮುಟ್ಟಿದರೆ ಸಾಕು, ಕಳಚಿ ಬರುತ್ತದೆ. ಚಪ್ಪಟೆಯಾಗಿ ಹಾಸಿ, ವಾಶ್ ಕೊಟ್ಟು, 24 ತಾಸು ಬಿಟ್ಟು ಜೋಡಿಸಿ.

ಪ್ಲಾಸ್ಟಿಕ್ ಬದಲು ವೈಟ್ ಮೆಟಲ್ (ತವರ-ಸೀಸದ ಮಿಶ್ರಲೋಹ) ಟ್ರ್ಯಾಕಾದರೆ ಅದಕ್ಕೆ ಬಣ್ಣಕ್ಕಿಂತ ಕಪ್ಪಾಗಿಸುವ ದ್ರಾವಣವೇ ಮೇಲು. ಬೀದರಿನ ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣು, ನವಸಾಗರ ಬೆರೆಸಿ ಕಪ್ಪು ತರಿಸುತ್ತಾರಲ್ಲ, ಆ ಕಪ್ಪು ಲೋಹದ ಮೈಯಲ್ಲೇ ಹುಟ್ಟಿದ್ದು, ಸುಲಿದು ಬರುವುದಿಲ್ಲ. ಇದರ ಗುಣವೂ ಅದೇ. ಆದರೆ ಆ ಪಾಕ ಸತುವಿಗಾಗಿ ಇರುವುದು. ತವರ-ಸೀಸದ ಟ್ರ್ಯಾಕಿಗೆ ಅದಕ್ಕೆಂದೇ ಮಾರುವ ದ್ರಾವಣ ತನ್ನಿ. ಮೊದಲು ಸೋಪಿನಿಂದ ಜಿಡ್ಡು ತೊಳೆಯದಿದ್ದರೆ ಚುಕ್ಕೆ ಚುಕ್ಕೆಯಾಗಿ ಹಿಡಿಯುತ್ತದೆ.

ಇನ್ನು ಮಣ್ಣು. ಹೊಲದ ಎರೆಮಣ್ಣನ್ನು ಹಾಗೇ ಬಳಸಲಾಗದು: 0.1 ಮಿ.ಮೀ. ಕಣವೂ ಈ ಅಳತೆಯಲ್ಲಿ 3.5 ಮಿ.ಮೀ. ಹರಳು. ಒಂದು ಮುಷ್ಟಿ ಮಣ್ಣನ್ನು ಬಾಟಲಿ ನೀರಿನಲ್ಲಿ ಕದಡಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಬಗ್ಗಡವನ್ನು ಬೇರೆ ಪಾತ್ರೆಗೆ ಬಸಿಯಿರಿ. ಅದು ತಳಕ್ಕೆ ಕೂತ ಮೇಲೆ ತಿಳಿನೀರು ಚೆಲ್ಲಿ, ಕೆಸರು ಒಣಗಿಸಿ, ತವೆಯ ಮೇಲೆ ಬಿಸಿ ಮಾಡಿ, ಅರೆದಿಡಿ. ಎರೆಮಣ್ಣು ಹೊಲದಲ್ಲಿ ಬಿರಿಯುವಂತೆ ಮಾಡೆಲ್ಲಿನ ಮೇಲೂ ಬಿರಿದು ಹಕ್ಕಳೆಯಾಗಿ ಉದುರುತ್ತದೆ. ಒಣಗುವಾಗ ಕುಗ್ಗುವುದು ಅದರ ಸ್ವಭಾವ. ಕುಗ್ಗದ ಪುಡಿ ಬೆರೆಸುವುದೇ ಪರಿಹಾರ. ಎರಡು ಚಮಚ ಮಣ್ಣಿಗೆ ಒಂದು ಚಮಚ ಶಹಾಬಾದ್ ಕಲ್ಲಿನ ನುಣ್ಣನೆಯ ಪುಡಿ, ಕಲಸಲು ಮ್ಯಾಟ್ ಮೀಡಿಯಂ (ಒಣಗಿದ ಮೇಲೆ ಹೊಳೆಯದ ಅಂಟು ದ್ರವ). ಕಲ್ಲುಪುಡಿಯಿಂದ ಬಣ್ಣ ತುಸು ತಿಳಿಯಾಗುತ್ತದೆ, ಅದು ಒಳ್ಳೆಯದೇ. ಒಣಗಿದ ಎರೆ ನಿಜಕ್ಕೂ ಕಪ್ಪಲ್ಲ, ಬೂದುಗಂದು. ಎರಡು ತೆಳು ಪದರ ಹಾಕಿ, ಒಂದೇ ದಪ್ಪ ಪದರ ಬೇಡ.

ಬೀದರಿನ ಕೆಂಪು ಮುರುಮು ಅಂಟುವುದಕ್ಕಿಂತ ಧೂಳಾಗಿ ಕೂರುತ್ತದೆ, ಒಣಪುಡಿಯನ್ನು ಬ್ರಷ್‌ನಿಂದ ಉದುರಿಸಿ ತಿನ್ನರ್ ಮುಟ್ಟಿಸಿದರೆ ಆಯಿತು. ಶಹಾಪುರ, ಸುರಪುರದ ಭತ್ತದ ಗದ್ದೆಯ ಕೆಸರಾದರೆ ತಗ್ಗುಗಳಿಗಷ್ಟೇ ಮಂದ ಹೊಳಪಿನ ಸ್ಯಾಟಿನ್ ವಾರ್ನಿಶ್ ಹಚ್ಚಿ.

ಹೊಳಪು ಕೊನೆಗೆ, ಮಣ್ಣು ಪೂರ್ತಿ ಒಣಗಿದ ಮೇಲೆ. ನೆಲ ತಾಗುವ ಏಣುಗಳ ಮಣ್ಣನ್ನು ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಗ್ರಾಫೈಟ್ ಪುಡಿಯನ್ನು ಬೆರಳಿನಿಂದ ತಿಕ್ಕಿ. ಸಣ್ಣ ಅಂಚುಗಳಿಗೆ 6ಬಿ ಪೆನ್ಸಿಲ್. ಮ್ಯಾಟ್ ವಾರ್ನಿಶ್ ಇದರ ಮೇಲೆ ಹೊಡೆದರೆ ಹೊಳಪೆಲ್ಲ ಸತ್ತಂತೆ, ಆದ್ದರಿಂದ ವಾರ್ನಿಶ್ ಮೊದಲೇ ಮುಗಿದಿರಲಿ. ಒಳಮೈಯಲ್ಲಿ ಚಕ್ರ ಓಡುವ ಎರಡು ದಾರಿಗಳಿಗೆ ಮಂಕಾದ ಹೊಳಪು ಸಾಕು, ಟಿ-55 ಚಕ್ರದ ಅಂಚು ರಬ್ಬರಿನದು. ಪೂರ್ತಿ ಬೆಳ್ಳಗಾಗಬೇಕಾದದ್ದು ಸ್ಪ್ರಾಕೆಟ್ಟಿನ ಹಲ್ಲು, ಅದು ತಾಗುವ ಲಿಂಕಿನ ಕಿಂಡಿಯ ಅಂಚು.